ತೊಟ್ಟಿಲ ಕ್ಯಾಸೆಟ್ಟಿನ ಒಂದು ಜಿಗಿತ

ನಮ್ಮ ಹಿತ್ತಲಿನಲ್ಲಿ ಒಂದು ಹೀರೇಬಳ್ಳಿ ಇದೆ. ಕಾಯಿ ಬಿಡುವುದಕ್ಕಿಂತ ಎಲೆ ಬಿಡುವುದರಲ್ಲೇ ಅದಕ್ಕೆ ಹೆಚ್ಚು ಆಸಕ್ತಿ. ಮೊನ್ನೆ ಗಾಳಿಗೆ ಜೋತುಬಿದ್ದಿತ್ತು, ಎತ್ತಿ ಕಟ್ಟೋಣವೆಂದು ಹೋದರೆ ನನ್ನ ಹೆಂಡತಿ ಸರೋಜ ಆಗಲೇ ಅದನ್ನು ಕಿಟಕಿಯ ಸರಳಿಗೆ ಕಟ್ಟಿ ಮುಗಿಸಿದ್ದಳು. ಕಟ್ಟಿದ್ದು ಹಗ್ಗದಿಂದಲ್ಲ, ಹಳದಿ, ಬಿಳಿ, ಕೆಂಪು ಮೂರು ಮೂತಿಗಳಿರುವ ಒಂದು ವೈರಿನಿಂದ. ಒಂದು ಕಾಲದಲ್ಲಿ ಆ ವೈರನ್ನು ಯಾರೂ ಮುಟ್ಟಬಾರದೆಂದು ನಾನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ವೈರು ಇನ್ನೂ ಗಟ್ಟಿಯಾಗಿದೆಯಾ ಎಂದು ಕೇಳಿದೆ. ಅವತ್ತೂ ಗಟ್ಟಿಯಾಗಿಯೇ ಇತ್ತು, ಹಿಡಿದ ಕೈ ಸರಿ ಇರಲಿಲ್ಲ ಎಂದು ಹೇಳಿ ಒಳಗೆ ಹೋದಳು.

ಈ ಮಾತಿನ ಹಿಂದೆ ಒಂದು ಕತೆ ಇದೆ. ನನ್ನ ಮಾನ ಹೋಗುವ ಕತೆ. ಆದರೂ ಹೇಳುತ್ತೇನೆ, ಯಾಕೆಂದರೆ ನಾನು ಹೇಳದಿದ್ದರೆ ಸರೋಜ ಹೇಳುತ್ತಾಳೆ, ಅವಳು ಹೇಳಿದರೆ ಇನ್ನೂ ಸ್ವಲ್ಪ ಚೆನ್ನಾಗಿ ಹೇಳುತ್ತಾಳೆ.

ನಾನು ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ‘ಇದನ್ನು ಸಾಧಿಸಬೇಕಾಗಿದೆ’ ಎಂದು ಮೇಲೆ ಬರೆದು, ‘ಸಾಧಿಸಲಾಯಿತು’ ಎಂದು ಕೆಳಗೆ ಬರೆದು, ನಡುವೆ ಏನು ಬರೆದೆ ಎಂಬುದು ಹುಡುಗರಿಗೆ ತಿಳಿಯುವ ಮೊದಲೇ ಬೋರ್ಡು ಒರೆಸಿಬಿಡುವ ಜಾತಿಯವನು. ಹೀಗಾಗಿ ಸಾಕ್ಷಿ, ಪುರಾವೆ ಎಂಬ ಮಾತುಗಳ ಮೇಲೆ ನನಗೆ ಮೊದಲಿಂದಲೂ ಭಕ್ತಿ. ಮನೆಯಲ್ಲಿ ಉಪ್ಪು ಹೆಚ್ಚಾಯಿತೆಂದರೂ ಯಾರು ಹಾಕಿದರು, ಯಾವಾಗ ಹಾಕಿದರು ಎಂದು ವಿಚಾರಣೆ ಮಾಡುತ್ತಿದ್ದೆ. ಇಂಥವನ ಮನೆಯಲ್ಲೇ ಐದು ವರ್ಷ ಒಂದು ಕೇಸು ತೀರ್ಪಿಲ್ಲದೆ ಬಿದ್ದಿತ್ತು.

ಕೇಸು ಏನೆಂದರೆ ಒಂದು ಗುದ್ದು. ನಮ್ಮ ಕಡೆ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಹೆಸರು ಹೇಳುವ ಅಧಿಕಾರ ಸೋದರತ್ತೆಯದು, ಅಂದರೆ ಮಗುವಿನ ತಂದೆಯ ಅಕ್ಕನದೋ ತಂಗಿಯದೋ. ಅವಳು ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ ‘ಕುರ್‍ರ್...’ ಎಂದು ಹೆಸರು ಉಸುರುತ್ತಾಳೆ. ಆಕೆ ಬಾಗುವುದನ್ನೇ ಕಾಯುತ್ತಿದ್ದ ಉಳಿದ ಹೆಂಗಸರು ಆ ಬೆನ್ನಿನ ಮೇಲೆ ಮುಷ್ಟಿ ಕಟ್ಟಿ ಗುದ್ದುತ್ತಾರೆ. ಯಾಕೆ ಗುದ್ದಬೇಕೆಂದು ನನ್ನನ್ನು ಕೇಳಬೇಡಿ. ಶಾಸ್ತ್ರ ಅಂದರೆ ಶಾಸ್ತ್ರ. ಮನೆಯ ಮಗಳೆಂಬ ಗತ್ತಿನಲ್ಲಿ ವರ್ಷಪೂರ್ತಿ ಮೆರೆಯುವ ನಾದಿನಿಗೆ ಎಲ್ಲರೆದುರು ನಗುನಗುತ್ತಾ ನಾಲ್ಕು ಕೊಡಲು ಹಿರಿಯರು ಮಾಡಿಟ್ಟ ಏರ್ಪಾಡು ಇರಬೇಕು ಎಂದು ನನ್ನ ಊಹೆ. ಗುದ್ದು ಹೂವಿನಷ್ಟು ಹಗುರ ಇರಬೇಕೆಂಬುದು ನಿಯಮ. ನಿಯಮ ಎಲ್ಲರಿಗೂ ಗೊತ್ತಿರುತ್ತದೆ.

ನನಗಿರುವುದು ಒಬ್ಬಳೇ ಅಕ್ಕ, ಶಾಂತಕ್ಕ. ಹಡಗಲಿಗೆ ಕೊಟ್ಟಿದೆ. ನನ್ನ ಮೊದಲ ಮಗಳ ತೊಟ್ಟಿಲ ಕಾರ್ಯಕ್ಕೆ ಅವಳು ಎರಡು ದಿನ ಮೊದಲೇ ಬಂದಿಳಿದಳು. ಬಂದ ಗಳಿಗೆಯಿಂದ ಹೆಸರಿನ ಬಗ್ಗೆ ಜಗ್ಗಾಟ. ಸರೋಜ ಹರಪನಹಳ್ಳಿಯವಳು, ಓದಿದವಳು. ಬಸುರಿಯಾಗಿದ್ದಾಗಲೇ ‘ಸ್ಪಂದನ’ ಎಂದು ಗೊತ್ತುಮಾಡಿಕೊಂಡಿದ್ದಳು. ಅಕ್ಕನಿಗೆ ನಮ್ಮ ಅಜ್ಜಿ ಕೊಟ್ರಮ್ಮನ ಹೆಸರೇ ಆಗಬೇಕು. ನಾನು ಎಂದಿನಂತೆ ಇಬ್ಬರಿಗೂ ‘ಹೌದು, ಅದೂ ಸರಿ’ ಎಂದು ತಲೆದೂಗಿ, ಕ್ಯಾಮೆರಾ ತರುತ್ತೇನೆಂದು ಹೇಳಿ ಮನೆಯಿಂದ ಪಾರಾದೆ.

ಕ್ಯಾಮೆರಾ ಮಾಬುಸಾಬನದು. ಮಾಬು ಬಸ್‌ಸ್ಟ್ಯಾಂಡಿನ ಹಿಂದೆ ಟಿವಿ, ಟೇಪು ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಗೆಳೆಯ. ಅವನ ಅಣ್ಣ ಸೌದಿಯಿಂದ ಬರುವಾಗ ಅಂಗೈಯಗಲದ ವಿಡಿಯೋ ಕ್ಯಾಮೆರಾ ತಂದಿದ್ದ. ಮಾಬು ತಾನೇ ಬಂದು ತೆಗೆದುಕೊಡುತ್ತೇನೆಂದ. ಮಗು ನನ್ನದು, ತೆಗೆಯುವವನೂ ನಾನೇ ಎಂದು ಜಂಬ ಕೊಚ್ಚಿಕೊಂಡು ಇಸಿದುಕೊಂಡು ಬಂದೆ. ಆ ದಿನದ ಕ್ಯಾಸೆಟ್ಟಿನ ಮೊದಲ ಹತ್ತು ನಿಮಿಷ ಇರುವುದು ನನ್ನ ಎರಡು ಪಾದಗಳು, ಆಮೇಲೆ ಅಂಗಳದ ಕಲ್ಲು, ಆಮೇಲೆ ಮತ್ತೆ ಪಾದಗಳು. ಕೆಂಪು ದೀಪ ಹತ್ತಿದರೆ ನಿಂತಿದೆ ಎಂದು ತಿಳಿದಿದ್ದೆ.

ಅಂತೂ ತೊಟ್ಟಿಲ ಹೊತ್ತಿಗೆ ಪಾದದಿಂದ ಮೇಲೆದ್ದು ಮುಖಗಳಿಗೆ ಬಂದಿದ್ದೆ. ಹಾಡಾಯಿತು, ತೊಟ್ಟಿಲ ಮುಂದೆ ಕಾಯಿ ಒಡೆದರು, ಅಕ್ಕ ಬಾಗಿದಳು. ‘ಕುರ್‍ರ್... ಕೊಟ್ರಮ್ಮ’ ಎಂದುಬಿಟ್ಟಳು. ಕಿವಿಯಲ್ಲಿ ಉಸುರಬೇಕಾದ್ದನ್ನು ಕೇರಿಗೆಲ್ಲ ಕೇಳುವಂತೆ ಹೇಳಿದಳು. ಇಪ್ಪತ್ತು ಕೈ ಮೇಲೆದ್ದವು, ಇಳಿದವು. ಒಂದು ‘ಧಬ್’ ಎಂಬ ಸದ್ದಾಯಿತು. ಅಕ್ಕ ‘ಯವ್ವಾ’ ಎಂದು ತೊಟ್ಟಿಲ ಹಗ್ಗ ಹಿಡಿದು ಅಲ್ಲೇ ಕುಸಿದಳು.

ಮೂರು ದಿನ ಅವಳು ಬೋರಲು ಮಲಗಿದ್ದಳು. ಅವ್ವ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟಳು. ಬಂದವರಿಗೆಲ್ಲ ಗುಗ್ಗರಿಯ ಜೊತೆ ಆ ಗುದ್ದಿನ ವರದಿಯೂ ಹಂಚಿಕೆಯಾಯಿತು. ನಾಲ್ಕನೆಯ ದಿನ ಅಕ್ಕ ಎದ್ದು ಕೂತು ತೀರ್ಪು ಕೊಟ್ಟಳು, ಗುದ್ದಿದವಳು ಸರೋಜ. ಹೆಸರು ಬದಲಾದದ್ದಕ್ಕೆ ಯಾರಿಗೆ ಉರಿಯಬೇಕು, ಹೊಟ್ಟೆಕಿಚ್ಚು ಯಾರಿಗೆ, ಪಕ್ಕದಲ್ಲೇ ಕೂತಿದ್ದವಳು ಯಾರು? ಮೂರಕ್ಕೂ ಉತ್ತರ ಒಂದೇ ಬರುತ್ತಿತ್ತು. ಸರೋಜ ತಾನು ಮುಟ್ಟಿದ್ದು ಮಾತ್ರ, ಗುದ್ದಿಲ್ಲ ಎಂದಳು. ಅಕ್ಕ ಗಂಟು ಕಟ್ಟಿಕೊಂಡು ಎದ್ದು ನಿಂತಳು.

“ಹೊಡದಾರು ಯಾರಂತ ನನ್ನ ಕಣ್ಣಿಗೆ ತೋರ್ಸು, ಅವತ್ತ ಬರ್ತೀನಿ. ಅಲ್ಲೀತನಕ ಈ ಮನಿ ಹೊಸ್ತಿಲ ತುಳಿಯಂಗಿಲ್ಲ” ಎಂದು ನನಗೆ ಹೇಳಿ ಹಡಗಲಿ ಬಸ್ಸು ಹತ್ತಿದಳು.

ಇಲ್ಲಿ ಗಂಡನಾದವನು ಹೆಂಡತಿಯ ಪರವಾಗಿ ಒಂದು ಮಾತಾಡಬೇಕಿತ್ತು. ನಾನು ಆಡಲಿಲ್ಲ. ಪುರಾವೆ ಸಿಗುವ ತನಕ ಯಾರ ಪರವನ್ನೂ ವಹಿಸಬಾರದು ಎಂದು ಗಣಿತದ ಮಾಸ್ತರನ ಗಾಂಭೀರ್ಯದಲ್ಲಿ ಹೇಳಿದೆ. ಅದನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಬಾಣಂತಿ ಆ ಮಾತು ಕೇಳಿ ನನ್ನ ಮುಖವನ್ನೊಮ್ಮೆ ನೋಡಿ ಮಗುವಿಗೆ ಹಾಲು ಕುಡಿಸಲು ಆ ಕಡೆ ತಿರುಗಿ ಕೂತಳು.

ಮಾಬು ಕ್ಯಾಮೆರಾದ ಪುಟ್ಟ ಕ್ಯಾಸೆಟ್ಟಿನಿಂದ ದೊಡ್ಡ ಕ್ಯಾಸೆಟ್ಟಿಗೆ ಇಳಿಸಿಕೊಟ್ಟ. ಅದನ್ನು ನಾವು ವಿಸಿಪಿಗೆ ಹಾಕಿ ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ಅಕ್ಕ ಬಾಗುತ್ತಾಳೆ, ಕೈಗಳು ಏಳುತ್ತವೆ, ಸರೋಜಳ ಕೈ ಇಳಿಯುತ್ತದೆ, ಅಷ್ಟರಲ್ಲಿ ಚಿತ್ರ ಒಮ್ಮೆ ಪಕ್ಕನೆ ಜಿಗಿಯುತ್ತದೆ. ಜಿಗಿದು ಸರಿಹೋದಾಗ ಅಕ್ಕ ಕುಸಿದಿರುತ್ತಾಳೆ. ಆ ಜಿಗಿತದಲ್ಲಿ ಏನಿದೆ ಎಂದು ನಿಲ್ಲಿಸಿ ನೋಡಹೋದರೆ ಪರದೆಯ ತುಂಬ ಬಿಳಿ ಗೆರೆ, ಚುಕ್ಕಿ. ಬಂಧುಬಳಗದವರು ಬಂದು ಅದೇ ಚುಕ್ಕಿಗಳಲ್ಲಿ ತಮಗೆ ಬೇಕಾದವರನ್ನು ಕಂಡರು. ಒಬ್ಬರಿಗೆ ಸರೋಜಳ ಹಸಿರು ಬಳೆ ಕಂಡಿತು, ಇನ್ನೊಬ್ಬರಿಗೆ ಅರಸೀಕೆರೆಯ ಚಿಕ್ಕಮ್ಮನ ಮೊಣಕೈ. ಹಿಂದೆ ಮುಂದೆ ತಿರುವಿ ತಿರುವಿ ಆ ಒಂದು ಗೇಣು ಟೇಪು ಸವೆಯುತ್ತಾ ಬಂತು.

ಹೀಗೆ ಐದು ವರ್ಷ ಕಳೆದವು. ನನ್ನ ಮಗಳು ಶಾಲೆಯಲ್ಲಿ ಸ್ಪಂದನ, ಹಡಗಲಿಯಿಂದ ಬರುವ ಕಾಗದದಲ್ಲಿ ಚಿ. ಕೊಟ್ರಮ್ಮ. ಅಕ್ಕ ನನ್ನ ಜೊತೆ ಮಾತಾಡುತ್ತಿದ್ದಳು, ಆದರೆ ಮನೆಗೆ ಬರಲಿಲ್ಲ. ಯುಗಾದಿಗೆ ನಾನೊಬ್ಬನೇ ಹೋಗಿ ಸೀರೆ ಕೊಟ್ಟು ಬರುತ್ತಿದ್ದೆ. ಕೊಟ್ಟೂರಿನ ಮನೆಯಲ್ಲಿ ಯಾರದೇ ಬೆನ್ನು ನೋಯಲಿ, ‘ಸರೋಜನ ಹತ್ರ ಕೂತಿದ್ದ್ಯಾ?’ ಎಂದು ಯಾರಾದರೂ ನಗೆಯಾಡುತ್ತಿದ್ದರು. ಸರೋಜಳೂ ನಗುತ್ತಿದ್ದಳು. ಬರಬರುತ್ತಾ ಅವಳು ಯಾರ ಮನೆಯ ತೊಟ್ಟಿಲ ಕಾರ್ಯಕ್ಕೂ ಹೋಗುವುದನ್ನು ಬಿಟ್ಟಳು ಎಂಬುದನ್ನು ನಾನು ಗಮನಿಸಿರಲೇ ಇಲ್ಲ.

ಅಷ್ಟರಲ್ಲಿ ಎರಡನೆಯದು ಹೊಟ್ಟೆಯಲ್ಲಿತ್ತು. ಅವ್ವನಿಗೆ ಚಿಂತೆ ಹತ್ತಿತು. ಇರುವ ಒಬ್ಬ ಮಗಳು ಬರಲ್ಲ ಅಂದರೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವವರು ಯಾರು? ಹಡಗಲಿಗೆ ಫೋನು ಮಾಡಿದರೆ ಅಕ್ಕನದು ಅದೇ ಮಾತು, ಮೊದಲು ತೋರಿಸು. ಆಗ ನಾನು ಒಂದು ನಿರ್ಧಾರಕ್ಕೆ ಬಂದೆ. ಆ ವರ್ಷವಷ್ಟೇ ಮನೆಗೆ ಕಂಪ್ಯೂಟರು ಬಂದಿತ್ತು. ಕ್ಯಾಸೆಟ್ಟನ್ನು ಅದಕ್ಕೆ ಇಳಿಸಿದರೆ ಸೆಕೆಂಡಿಗೆ ಇಪ್ಪತ್ತೈದು ಚಿತ್ರಗಳಾಗಿ ಬಿಡಿಸಿ ಒಂದೊಂದನ್ನೇ ನೋಡಬಹುದೆಂದು ಓದಿದ್ದೆ. ಹೊಸಪೇಟೆಗೆ ಹೋಗಿ ಅದಕ್ಕೆ ಬೇಕಾದ ಕಾರ್ಡು ತಂದೆ, ಜೊತೆಗೆ ಈ ಮೂರು ಮೂತಿಯ ವೈರು ಬಂತು. ವಿಜ್ಞಾನ ನಮ್ಮ ಮನೆಯ ಜಗಳ ಬಿಡಿಸುತ್ತದೆ ಎಂದು ಅವ್ವನಿಗೆ ಹೇಳಿದೆ. ಅವ್ವ ಕಾರ್ಡಿಗೆ ಅರಿಶಿನ ಕುಂಕುಮ ಹಚ್ಚಲು ಬಂದಳು, ಪುಣ್ಯಕ್ಕೆ ನಾನು ಮನೆಯಲ್ಲಿದ್ದೆ.

ಮೊದಲ ವಾರ ಪರದೆಯ ಮೇಲೆ ನೀಲಿ ಬಣ್ಣ ಬಿಟ್ಟರೆ ಬೇರೇನೂ ಬರಲಿಲ್ಲ. ಹಳದಿ ಮೂತಿಯನ್ನು ಕೆಂಪು ತೂತಿಗೆ ಚುಚ್ಚಿದ್ದೆ. ಎರಡನೆಯ ವಾರ ಚಿತ್ರ ಬಂತು, ಆದರೆ ಕಪ್ಪುಬಿಳುಪು. ಕಾರ್ಡು ಅಮೆರಿಕದ ಟಿವಿಗೆ ಹೊಂದುವಂತೆ ಕೂತಿದೆ, ನಮ್ಮ ದೇಶದ್ದಕ್ಕೆ ಬದಲಿಸಬೇಕು ಎಂದು ತಿಳಿಯುವ ತನಕ ನನ್ನ ಮಗಳ ನಾಮಕರಣ ನನ್ನ ಅಜ್ಜನ ಕಾಲದಲ್ಲಿ ಆದಂತೆ ಕಾಣುತ್ತಿತ್ತು. ಬಣ್ಣ ಬಂದಾಗ ಸದ್ದು ಹೋಯಿತು. ಸದ್ದು ಬಂದಾಗ ಕರೆಂಟು ಹೋಯಿತು. ಕರೆಂಟು ಬಂದಾಗ ಶಾಲೆಯ ಗಂಟೆ ಹೊಡೆಯಿತು.

ಆಮೇಲೆ ಇನ್ನೊಂದು ಚೇಷ್ಟೆ ಶುರುವಾಯಿತು. ಒಂದು ಕಡತ ನಾಲ್ಕು ಜಿಬಿ ತುಂಬಿತೆಂದರೆ ಕಂಪ್ಯೂಟರು ಅಲ್ಲಿಗೆ ನಿಲ್ಲಿಸಿಬಿಡುತ್ತಿತ್ತು. ನನ್ನ ಪಾದಗಳನ್ನೂ ಅಂಗಳದ ಕಲ್ಲನ್ನೂ ಶ್ರದ್ಧೆಯಿಂದ ನುಂಗಿ, ಸರಿಯಾಗಿ ಅಕ್ಕ ಬಾಗುವ ಹೊತ್ತಿಗೆ ಹೊಟ್ಟೆ ತುಂಬಿತೆಂದು ಕೈ ತೊಳೆದುಕೊಳ್ಳುತ್ತಿತ್ತು. ಪಾದಗಳನ್ನು ಬಿಟ್ಟು ಮುಂದಿನಿಂದ ಹಿಡಿಯಬೇಕು ಎಂದು ಹೊಳೆಯಲು ಹತ್ತು ದಿನ ಬೇಕಾಯಿತು. ಪೆಟ್ಟಿಗೆ ಬಿಸಿಯಾಗುತ್ತದೆಂದು ಮುಚ್ಚಳ ತೆಗೆದು ಎದುರಿಗೆ ಟೇಬಲ್ ಫ್ಯಾನು ಇಟ್ಟೆ. ಏಳು ತಿಂಗಳ ಬಸುರಿ ಸೆಕೆಯಲ್ಲಿ ಮೊರದಿಂದ ಗಾಳಿ ಬೀಸಿಕೊಳ್ಳುತ್ತಾ ಕೂತಿರುತ್ತಿದ್ದಳು, ಕಂಪ್ಯೂಟರು ತಂಪಾಗಿತ್ತು.

ಇಷ್ಟಾದರೂ ಆ ಒಂದು ಜಾಗದಲ್ಲಿ ಚಿತ್ರದ ಜಿಗಿತ ಹೋಗಲಿಲ್ಲ. ನನಗೆ ಅದೇ ದೊಡ್ಡ ರೋಗವಾಗಿ ಕಂಡಿತು. ಕಾರ್ಡು ಬದಲಿಸಿದೆ, ಸ್ಕ್ರೀನ್ ಸೇವರ್ ತೆಗೆದೆ, ವೈರಸ್ ಕಾಯುವ ಕಾವಲುಗಾರನನ್ನೂ ಮನೆಗೆ ಕಳಿಸಿದೆ. ಹರಪನಹಳ್ಳಿಯ ಸೈಬರ್ ಕೆಫೆಗೆ ಹೋಗಿ ಇಂಟರ್ನೆಟ್ಟಿನಲ್ಲಿ ಇಂಥ ಕಷ್ಟಗಳನ್ನು ಹೇಳಿಕೊಳ್ಳುವ ಒಂದು ಕಟ್ಟೆಯಲ್ಲಿ ನನ್ನ ಪ್ರಶ್ನೆ ಬರೆದೆ. ಅತ್ತೆಯನ್ನು ಹೊಡೆಯುವ ಜಾಗದಲ್ಲಿ ಮಾತ್ರ ವಿಡಿಯೋ ಜಿಗಿಯುತ್ತದೆ, ಎಲ್ಲ ಹೆಂಗಸರೂ ಹೊಡೆಯುತ್ತಿದ್ದಾರೆ, ಹೊಡೆತ ಸ್ಪಷ್ಟವಾಗಿ ಕಾಣಬೇಕು, ದಯವಿಟ್ಟು ಸಹಾಯ ಮಾಡಿ ಎಂದು ನನ್ನ ಇಂಗ್ಲಿಷಿನಲ್ಲಿ ಬಿನ್ನವಿಸಿಕೊಂಡೆ. ಮರುವಾರ ಎರಡು ಉತ್ತರ ಬಂದಿದ್ದವು. ಒಬ್ಬ ವೈರು ಸರಿಯಾಗಿ ಚುಚ್ಚಿದ್ದೀಯಾ ನೋಡು ಎಂದಿದ್ದ. ಇನ್ನೊಬ್ಬ ಯಾವುದೋ ದೂರದೇಶದ ಸಜ್ಜನ, ವಿಡಿಯೋ ಚಿಂತೆ ಬಿಡು, ಮೊದಲು ಆ ಹೆಂಗಸನ್ನು ಕಾಪಾಡು, ಪೊಲೀಸರಿಗೆ ತಿಳಿಸು ಎಂದು ಕಳಕಳಿಯಿಂದ ಬರೆದಿದ್ದ.

ಮಾಬು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಕ್ಯಾಸೆಟ್ಟು ನೋಡಿದ, ವಿಸಿಪಿಯ ಹೆಡ್ಡು ಒರೆಸಿದ, ವೈರು ಅಲುಗಾಡಿಸಿದ. ಕಡೆಗೆ ತಲೆ ಅಲ್ಲಾಡಿಸಿದ.

“ಸರ, ಇದು ಮಷೀನಿನ ಜಿಗಿತ ಅಲ್ರಿ. ಮಷೀನಿಂದಾದ್ರ ಗೀರು ಬೀಳ್ತಾವ, ಚುಕ್ಕಿ ಬೀಳ್ತಾವ. ಇದು ಹಿಡದಾವರ ಕೈ ಜಿಗದಿರಾದು.”

ನನಗೆ ಸಿಟ್ಟು ಬಂತು. ಹತ್ತನೆಯ ಇಯತ್ತೆ ದಾಟದ ಮಾಬು ನನ್ನ ಕೈಗೆ ದೋಷ ಹಚ್ಚುತ್ತಾನಲ್ಲ ಎಂದು, ಒಂದು ಸೆಕೆಂಡಿನಲ್ಲಿ ಎಷ್ಟು ಚಿತ್ರ ಬೀಳುತ್ತವೆ ಗೊತ್ತೇನು ನಿನಗೆ ಎಂದು ಕೇಳಿದೆ. ಅವನು ಗೊತ್ತಿಲ್ಲ ಎಂದು ಒಪ್ಪಿಕೊಂಡು ಚಹಾ ಕುಡಿದು ಹೋದ.

ಕೊನೆಗೆ ಒಂದು ಭಾನುವಾರ ಆ ಭಾಗ ಒಂದು ಚಿತ್ರವೂ ತಪ್ಪದಂತೆ ಒಳಗಿಳಿಯಿತು. ಸರೋಜಳನ್ನು ಕೂಗಿ ಪಕ್ಕಕ್ಕೆ ಕೂರಿಸಿಕೊಂಡೆ. ನಿಧಾನವಾಗಿ ಓಡಿಸಿದೆ. ಅವಳ ಕೈ ಅಕ್ಕನ ಬೆನ್ನಿಗೆ ಇಳಿಯಿತು, ಸರಿಯಾಗಿ ಅದೇ ಕ್ಷಣಕ್ಕೆ ಧಬ್ ಎಂದಿತು. ಮತ್ತೆ ಓಡಿಸಿದೆ. ಮತ್ತೆ ಕೈ, ಮತ್ತೆ ಧಬ್. ಸರೋಜ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟು ಅದು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ನಾನು ಸಮಾಧಾನ ಮಾಡಬೇಕಿತ್ತು. ಹೋಗಲಿ ಬಿಡು, ಐದು ವರ್ಷದ ಹಿಂದಿನ ಮಾತು ಎಂದೆ. ಇದಕ್ಕಿಂತ ಕೆಟ್ಟ ಸಮಾಧಾನ ಇರಲಾರದು.

ಮರುದಿನ ಮಾಬು ಬಂದಾಗ ತೀರ್ಪು ಸಿಕ್ಕಿತೆಂದು ತೋರಿಸಿದೆ. ಅವನು ಗುದ್ದು ನೋಡಲಿಲ್ಲ, ಸ್ವಲ್ಪ ಹಿಂದಕ್ಕೆ ಹೋಗಿ ಕಾಯಿ ಒಡೆಯುವುದನ್ನು ತೋರಿಸಿರಿ ಎಂದ. ತೋರಿಸಿದೆ. ಕಾಯಿ ಇನ್ನೂ ಅವ್ವನ ಕೈಯಲ್ಲಿ ಮೇಲಿತ್ತು, ಒಡೆದ ಸದ್ದು ಬಂದುಬಿಟ್ಟಿತು. ಆಮೇಲೆ ಕಾಯಿ ಕಲ್ಲಿಗೆ ಬಿದ್ದು ನಿಶ್ಶಬ್ದವಾಗಿ ಎರಡು ಹೋಳಾಯಿತು. ನನ್ನ ಕಂಪ್ಯೂಟರಿನಲ್ಲಿ ಸದ್ದು ಚಿತ್ರಕ್ಕಿಂತ ಒಂದು ಸೆಕೆಂಡು ಮುಂದೆ ಓಡುತ್ತಿತ್ತು.

“ಕಾಯಿ ಒಡಿಯಾಕಿಂತ ಮುಂಚೆ ಸಪ್ಪಳ ಬರ್ತೈತಿ ನೋಡ್ರಿ” ಎಂದ ಮಾಬು. “ಸರೋಜಕ್ಕಾರ ಮ್ಯಾಲಿನ ಅಪವಾದನೂ ಹಂಗ ಬಂದೈತಿ.”

ಅವನು ಹೋದ ಮೇಲೆ ಬಾಗಿಲು ಮುಂದಕ್ಕೆಳೆದುಕೊಂಡು ಕೂತೆ. ಮಧ್ಯಾಹ್ನ, ನಾನು ರಜೆ ಹಾಕಿದ್ದೆ, ಮಗಳು ಶಾಲೆಯಲ್ಲಿ, ಸರೋಜ ಮಲಗಿದ್ದಳು. ಸದ್ದಿನ ಪಟ್ಟಿಯನ್ನು ಹಿಡಿದು ಒಂದು ಸೆಕೆಂಡು ಹಿಂದಕ್ಕೆ ಎಳೆದೆ. ಕಾಯಿ ಕಲ್ಲಿಗೆ ಬಿದ್ದಾಗಲೇ ಒಡೆಯಿತು. ಮುಂದಕ್ಕೆ ಹೋದೆ. ಸರೋಜಳ ಕೈ ಅಕ್ಕನ ಬೆನ್ನನ್ನು ಮುಟ್ಟಿ ಎದ್ದುಬಂತು, ಏನೂ ಸದ್ದಿಲ್ಲ. ಧಬ್ ಎಂದದ್ದು ಆಮೇಲೆ, ಚಿತ್ರ ಜಿಗಿಯುವ ಜಾಗದಲ್ಲಿ. ಒಂದೊಂದೇ ಚಿತ್ರವಾಗಿ ಆ ಜಿಗಿತದೊಳಗೆ ಇಳಿದೆ. ಮೊದಲನೆಯದರಲ್ಲಿ ಎಡ ಅಂಚಿನಲ್ಲಿ ಒಂದು ಮಸುಕು. ಎರಡನೆಯದರಲ್ಲಿ ಅದು ಮುಷ್ಟಿ. ಮೂರನೆಯದರಲ್ಲಿ ಮುಷ್ಟಿಯ ಹಿಂದೆ ಒಂದು ಮಣಿಕಟ್ಟು, ಅದರಲ್ಲಿ ಡಯಲ್ಲನ್ನು ಒಳಮುಖ ಮಾಡಿ ಕಟ್ಟಿದ ಗಡಿಯಾರ. ನಾಲ್ಕನೆಯದರಲ್ಲಿ ಅದು ಅಕ್ಕನ ಬೆನ್ನಿನ ನಟ್ಟನಡುವೆ ಇತ್ತು. ಐದನೆಯದರಿಂದ ಕ್ಯಾಮೆರಾ ವಾಲಿ ಮಾಳಿಗೆಯ ತೊಲೆ ಕಾಣುತ್ತದೆ.

ಡಯಲ್ಲನ್ನು ಒಳಮುಖ ಮಾಡಿ ಕಟ್ಟುವವರು ನಮ್ಮ ಮನೆಯಲ್ಲಿ ಒಬ್ಬರೇ. ಆ ಗಡಿಯಾರ ಆಗಲೂ ನನ್ನ ಎಡಗೈಯಲ್ಲಿತ್ತು, ಮೌಸಿನ ಪಕ್ಕದಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ಇಪ್ಪತ್ತು ಹೆಂಗಸರನ್ನು ವಿಚಾರಿಸಿದ್ದೆವು. ಕ್ಯಾಮೆರಾ ಹಿಡಿದವನನ್ನು ಯಾರೂ ಕೇಳಿರಲಿಲ್ಲ, ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ.

ಮರೆತಿದ್ದೆನೋ, ಮರೆತವನಂತೆ ಇದ್ದೆನೋ, ಇವತ್ತಿಗೂ ಹೇಳಲಾರೆ. ಆ ಮುಷ್ಟಿ ಕಂಡ ಕೂಡಲೇ ನೆನಪಾದದ್ದು ಮಾತ್ರ ನಮ್ಮ ಹುಟ್ಟೂರು ಹಂಪಸಾಗರದ ಹಳೆಯ ಅಡುಗೆಮನೆ. ಅಕ್ಕ ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಆದರೆ ನನಗೆ ಮಗ್ಗಿ ಕಲಿಸಿದವಳು ಅವಳೇ. ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಕೇಳುತ್ತಿದ್ದಳು. ರೊಟ್ಟಿಗೂ ಮಗ್ಗಿಗೂ ಒಂದೇ ತಾಳ. ತಪ್ಪಿದರೆ ಹಿಟ್ಟಿನ ಕೈಯಲ್ಲೇ ಬೆನ್ನಿಗೊಂದು. ಹದಿನೇಳರ ಮಗ್ಗಿ ಕಲಿತ ತಿಂಗಳು ನನ್ನ ಅಂಗಿಯ ಬೆನ್ನ ಮೇಲಿನ ಬಿಳಿ ಕೈಗುರುತುಗಳನ್ನು ಎಣಿಸಿ ಶಾಲೆಯ ಹುಡುಗರು ಅಂದಿನ ತಪ್ಪುಗಳನ್ನು ಹೇಳುತ್ತಿದ್ದರು. ನಾನು ಗಣಿತದ ಮಾಸ್ತರ ಆದದ್ದು ಆ ಬೆನ್ನಿನ ಪುಣ್ಯದಿಂದ. ಇಪ್ಪತ್ತೈದು ವರ್ಷದ ಮೇಲೆ ಅಕ್ಕ ನನ್ನೆದುರು ಬಾಗಿ ನಿಂತಿದ್ದಳು, ಹೊಡೆಯಲು ಶಾಸ್ತ್ರದ ಅಪ್ಪಣೆ ಇತ್ತು, ಯಾರ ಕಣ್ಣೂ ನನ್ನ ಮೇಲಿರಲಿಲ್ಲ. ಹದಿನೇಳರ ಮಗ್ಗಿ ಪೂರ್ತಿಯಾಗಿ ಕೈಗೆ ಇಳಿದಿರಬೇಕು.

ಈಗ ನಾನು ಮಾಡಿದ ಕೆಲಸ ಹೇಳುತ್ತೇನೆ. ಹತ್ತು ಚಿತ್ರಗಳಿಗೆ ಗುರುತು ಹಾಕಿದೆ, ಕತ್ತರಿಯ ಚಿಹ್ನೆ ಒತ್ತಿದೆ. ಗುದ್ದು ಹೋಯಿತು, ಧಬ್ ಹೋಯಿತು, ಗಡಿಯಾರ ಹೋಯಿತು. ಎರಡು ಕಡೆಯ ತುದಿಗಳನ್ನು ಜೋಡಿಸಿ ಓಡಿಸಿದೆ. ಮೂರು ತಿಂಗಳು ಹೆಣಗಿದರೂ ಹೋಗದಿದ್ದ ಜಿಗಿತ ಮಾಯವಾಗಿತ್ತು. ಚಿತ್ರ ಎಣ್ಣೆಯಂತೆ ಜಾರುತ್ತಿತ್ತು. ರಿಪೇರಿ ಎಂದರೆ ಇದು ಎಂದು ಬೀಗಿದೆ. ಆದರೆ ಸರಾಗವಾಗಿ ಓಡಿದಾಗ ಅದು ಹೇಳುತ್ತಿದ್ದದ್ದು ಏನೆಂದು ನಾನು ನೋಡಲಿಲ್ಲ. ನನ್ನ ಮುಷ್ಟಿ ಇಲ್ಲದ ಮೇಲೆ ಸರೋಜಳ ಕೈ ಇಳಿಯುತ್ತದೆ, ಅದರ ಬೆನ್ನಿಗೇ ಅಕ್ಕ ‘ಯವ್ವಾ’ ಎಂದು ಕುಸಿಯುತ್ತಾಳೆ.

ಹಿಂದೆ ಸರೋಜ ಎದ್ದು ಬಂದು ನಿಂತಿದ್ದು ತಿಳಿಯಲಿಲ್ಲ. ಸೊಂಟಕ್ಕೆ ಕೈ ಕೊಟ್ಟುಕೊಂಡು ಎರಡು ಸಲ ನೋಡಿದಳು. ಮಧ್ಯೆ ಏನೋ ಜಿಗಿಯುತ್ತಿತ್ತಲ್ಲ, ಎಲ್ಲಿ ಹೋಯಿತು ಎಂದು ಕೇಳಿದಳು. ಸರಿ ಮಾಡಿದೆ ಎಂದೆ. ಅವಳು ತಲೆ ಆಡಿಸಿದಳು.

“ಹಂಗಾರೆ ನಾನೇ ಹೊಡ್ದಿರ್ಬೇಕು ಬಿಡ್ರಿ. ಐದು ವರ್ಷದಿಂದ ಎಲ್ರೂ ಹೇಳಿ ಹೇಳಿ ನನ್ಗೂ ಹಂಗೇ ಅನ್ಸಕ್ ಹತ್ತೈತೆ. ಅಕ್ಕಾರ ಕಾಲಿಗೆ ಬಿದ್ದು ತಪ್ಪಾಯ್ತು ಅಂತೀನಿ. ಕೂಸಿಗೆ ಹೆಸ್ರು ಹೇಳಾಕೆ ಬರ್ಲಿ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಬಹುಶಃ ಪಾರಾಗುತ್ತಿದ್ದೆ. ಮಾಡದ ತಪ್ಪಿಗೆ ಅವಳು ಕಾಲಿಗೆ ಬೀಳಲು ತಯಾರಾಗಿ ನಿಂತಿದ್ದಳು, ಮಾಡಿದವನು ಕುರ್ಚಿಯಲ್ಲಿ ಕೂತಿದ್ದ. ಮಾಡಿದ್ದನ್ನು ರದ್ದು ಮಾಡುವ ಗುಂಡಿ ಒತ್ತಿದೆ. ಹತ್ತು ಚಿತ್ರಗಳೂ ಅವುಗಳ ಜಾಗಕ್ಕೆ ಬಂದು ಕೂತವು. ಒಂದೊಂದಾಗಿ ಓಡಿಸಿದೆ. ಮೂರನೆಯದರಲ್ಲಿ ನಿಲ್ಲಿಸಿ ನನ್ನ ಎಡಗೈಯನ್ನು ಪರದೆಯ ಪಕ್ಕದಲ್ಲಿ ಹಿಡಿದೆ.

ಅವಳು ಪರದೆ ನೋಡಿದಳು, ಕೈ ನೋಡಿದಳು. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಹಡಗಲಿಗೆ ಫೋನು ಮಾಡಿರಿ ಎಂದಷ್ಟೇ ಹೇಳಿ ಎದ್ದುಹೋದಳು. ಆವತ್ತು ನನಗೆ ಊಟ ಬಡಿಸಿದ್ದು ಅವ್ವ. ಆ ವಾರವೆಲ್ಲ ಅವ್ವನೇ ಬಡಿಸಿದಳು.

ಪುರಾವೆ ಸಿಕ್ಕಿದೆ ಎಂದು ಕೇಳಿ ಅಕ್ಕ ಮರುದಿನವೇ ಬಂದಳು. ಹೊಸ್ತಿಲ ಹೊರಗೆ ಚಪ್ಪಲಿ ಬಿಡುವಾಗಲೇ ಸರೋಜಳ ಕಡೆ ಒಂದು ನೋಟ ಬೀರಿ, ನೀರು ಕೊಟ್ಟರೂ ಮುಟ್ಟದೆ, ನೇರವಾಗಿ ಕಂಪ್ಯೂಟರಿನ ಮುಂದೆ ಕೂತಳು. ನಾನು ಏನೂ ಪೀಠಿಕೆ ಹಾಕದೆ ತೋರಿಸಿದೆ. ಗಡಿಯಾರದ ಚಿತ್ರ ಬಂದಾಗ ನಿಲ್ಲಿಸಿದೆ. ಅವಳು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದಳು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಕ್ಕ ನನ್ನ ಕಡೆ ತಿರುಗಿದಳು.

“ಹದಿನೇಳೆಂಟ್ಲೆ ಎಷ್ಟು?”

“ನೂರಾ ಮೂವತ್ತಾರು” ಎಂದೆ.

“ಅಷ್ಟು ಬರೋಬ್ಬರಿ ಬರ್ತೈತಿ, ಮತ್ತ ಇದ್ಯಾಕ ತಪ್ಪಿದಿ? ಆ ಹುಡುಗೀನ್ನ ಐದು ವರ್ಷ ತಪ್ಪು ಮಾಡಿದಾಕಿ ಹಂಗ ಯಾಕ ನಿಲ್ಲಿಸಿದ್ದಿ?”

ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಒಳಗೆ ಇಬ್ಬರೂ ಏನು ಮಾತಾಡಿದರೋ ಪೂರ್ತಿ ಕೇಳಲಿಲ್ಲ. ಅಕ್ಕ ಮೂಗು ಸೀಟಿಕೊಂಡದ್ದು ಕೇಳಿತು. ಕೂಸಿಗೆ ನಿನಗೆ ಬೇಕಾದ ಹೆಸರೇ ಇಡುತ್ತೇನೆ ಎಂದು ಅವಳು ಹೇಳಿದ್ದು ಕೇಳಿತು. ನೀವೇ ಇಡಿರಿ, ಆದರೆ ಕೂಸಿನ ಕಿವಿಗಿಂತ ಮೊದಲು ನನ್ನ ಕಿವಿಯಲ್ಲಿ ಹೇಳಿರಿ ಎಂದು ಸರೋಜ ಅಂದದ್ದೂ ಕೇಳಿತು. ಆಮೇಲೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಅಷ್ಟು ವರ್ಷದ ಮೇಲೂ ಆ ತಾಳಕ್ಕೆ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಗಂಡು ಮಗುವಾಯಿತು. ತೊಟ್ಟಿಲ ದಿನ ಕ್ಯಾಮೆರಾ ಮಾಬುವಿನ ಕೈಯಲ್ಲಿತ್ತು. ನಾನು ಎರಡೂ ಕೈ ಎಲ್ಲರಿಗೂ ಕಾಣುವಂತೆ ಮುಂದೆ ಕಟ್ಟಿಕೊಂಡು, ಗೋಡೆಯಿಂದ ದೂರವಾಗಿ, ಮಾಬುವಿನ ಎದುರಿಗೇ ನಿಂತಿರಬೇಕೆಂದು ಅಕ್ಕನ ಅಪ್ಪಣೆಯಾಗಿತ್ತು. ಹಾಗೇ ನಿಂತಿದ್ದೆ. ಹಾಡಾಯಿತು, ಕಾಯಿ ಒಡೆದರು. ಅಕ್ಕ ಮೊದಲು ಸರೋಜಳ ಕಿವಿಗೆ ಬಾಗಿದಳು, ಆಮೇಲೆ ತೊಟ್ಟಿಲಿಗೆ. ‘ಕುರ್‍ರ್’ ಎಂದಳು. ಹೆಂಗಸರ ಕೈಗಳು ಎದ್ದವು. ಬಾಗಿದ ಅಕ್ಕ ತಲೆ ಎತ್ತದೆಯೇ ಎಲ್ಲರನ್ನೂ ತಡೆದಳು.

“ನಿಲ್ರಿ. ಮೊದ್ಲ ಸರೋಜಂದು ಆಗ್ಲಿ.”

ಸರೋಜ ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಮುಷ್ಟಿ ಕಟ್ಟಿದಳು. ಅಕ್ಕನ ಬೆನ್ನಿನ ಪಕ್ಕದಿಂದ ಮೆಲ್ಲಗೆ ನಡೆದು ನನ್ನ ಹಿಂದಕ್ಕೆ ಬಂದಳು.

ಆ ದಿನದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ್ದೂ ನಾನೇ, ಇದೇ ಮೂರು ಮೂತಿಯ ವೈರಿನಿಂದ. ಮಾಬುವಿನ ಕೈ ಎಲ್ಲಿಯೂ ಜಿಗಿದಿಲ್ಲ, ಸದ್ದು ಎಲ್ಲಿಯೂ ಮುಂದೆ ಓಡಿಲ್ಲ. ಪೆಟ್ಟು ಬಿದ್ದ ಚಿತ್ರದಲ್ಲೇ ಧಬ್ ಎನ್ನುತ್ತದೆ, ಅದರ ಮುಂದಿನ ಚಿತ್ರದಲ್ಲೇ ನನ್ನ ಬಾಯಿ ತೆರೆದಿದೆ, ನನ್ನ ಬೆನ್ನ ಹಿಂದೆ ಸರೋಜ, ಐದು ವರ್ಷದ ಮೇಲೆ, ಬಾಯಿತುಂಬ ನಗುತ್ತಿದ್ದಾಳೆ. ಅದರಲ್ಲಿ ನಾನು ಏನನ್ನೂ ಕತ್ತರಿಸಿಲ್ಲ.